ಮದುವೆಯ ಅನ್ನ ಉಂಡ ಕೆರೆ

ನಿನ್ನ ಬಗ್ಗೆ ಬರೆಯುತ್ತೇನೆ ಎಂದಾಗ ಸುಹರಾ ಹಾಕಿದ ಷರತ್ತು ಒಂದೇ. "ನಾನು ಬಡವಳು, ಪಾಪದವಳು ಅಂತ ಎಲ್ಲ ಬರೀಲಿಕ್ಕೆ ಇಲ್ಲ ಟೀಚರೇ. ಮೀನು ಎಷ್ಟು ದೊಡ್ಡದಿತ್ತು ಅಂತ ಬೇಕಾದ್ರೆ ಬರೀರಿ." ಹಾಗಾಗಿ ಮೊದಲು ಅದನ್ನೇ ಹೇಳಿ ಮುಗಿಸುತ್ತೇನೆ. ಬೈಲಕೆರೆಯಿಂದ ಅವಳು ಎತ್ತಿಸಿದ ಅತಿ ದೊಡ್ಡ ಕಾಟ್ಲ ಮೀನು ನಾಲ್ಕು ಕಿಲೋ ಮುನ್ನೂರು ಗ್ರಾಂ ಇತ್ತು. ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತ ಅವಳ ಫೋಟೊ ನನ್ನ ಮೊಬೈಲಿನಲ್ಲಿದೆ. ನಂಬಿಕೆ ಬಾರದವರು ಅಂಗನವಾಡಿಗೆ ಬಂದು ನೋಡಬಹುದು.

ನಾನು ವಾರಿಜಾಕ್ಷಿ. ಐವರ್ನಾಡಿನ ಬದಿಯ ಅಂಗನವಾಡಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಟೀಚರ್. ಈ ಊರಿನ ಅರ್ಧ ಜನರ ಮೂಗು ಒರೆಸಿದವಳು ನಾನೇ ಆದ್ದರಿಂದ ಯಾರಿಗೆ ಬೈಯಲಿಕ್ಕೂ ನನಗೆ ಸಂಕೋಚವಿಲ್ಲ. ಆದರೆ ನನಗೆ ಬೈಯುವ ಧೈರ್ಯ ಇರುವವಳು ಊರಿನಲ್ಲಿ ಒಬ್ಬಳೇ, ಅದು ಸುಹರಾ. ನನಗಿಂತ ಹತ್ತು ವರ್ಷ ಚಿಕ್ಕವಳು. ತಲೆಗೆ ಸುತ್ತಿದ ಶಾಲು ಎಂದೂ ಜಾರುವುದಿಲ್ಲ, ಹೇಳಿದ ಮಾತು ಎಂದೂ ತಿರುಗುವುದಿಲ್ಲ.

ಬೈಲಕೆರೆ ಪಂಚಾಯತಿನ ಕೆರೆ. ಒಂದು ಎಕ್ರೆಗೆ ಸ್ವಲ್ಪ ಹೆಚ್ಚು. ಒಂದು ಬದಿ ರಬ್ಬರ್ ಗುಡ್ಡ, ಇನ್ನೊಂದು ಬದಿ ತೀರ್ಥರಾಮಣ್ಣನ ತೋಟ. ಆರು ವರ್ಷದ ಹಿಂದೆ ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆದರು. ಹೂಳು ತೆಗೆಯಲು ಬುಟ್ಟಿ ಹೊತ್ತವರು ನಮ್ಮ ಮಹಿಳಾ ಸಂಘದ ಹನ್ನೊಂದು ಮಂದಿ. ಕೆಲಸ ಮುಗಿದು ಕೆರೆ ತುಂಬಿದ ಮೇಲೆ ಸುಹರಾ ಸಂಘದ ಸಭೆಯಲ್ಲಿ ಹೇಳಿದಳು, ಇದರಲ್ಲಿ ಮೀನು ಸಾಕಬೇಕು ಎಂದು. ನಾವು ನಕ್ಕೆವು. ಅವಳು ನಗಲಿಲ್ಲ. ಅರ್ಜಿ ಬರೆಯಿರಿ ಟೀಚರೇ ಎಂದಳು. ಬರೆದೆ. ಪಂಚಾಯತು ಕೆರೆ ಕೊಡುವಾಗ ಮತ್ತೂ ಮೂರು ವರ್ಷ ಕಳೆದಿತ್ತು, ಆದರೆ ಪ್ರತಿ ಗ್ರಾಮಸಭೆಗೂ ಅವಳು ಆ ಅರ್ಜಿಯ ನಕಲು ಹಿಡಿದುಕೊಂಡೇ ಹೋಗುತ್ತಿದ್ದಳು.

ತೀರ್ಥರಾಮಣ್ಣನಿಗೂ ಅದೇ ಕೆರೆ ಬೇಕಿತ್ತು. ಗ್ರಾಮಸಭೆಯಲ್ಲಿ ಎದ್ದು ನಿಂತು, "ಹೆಂಗಸರು ಮೀನು ಸಾರು ಮಾಡ್ಲಿ ಮಾರಾಯ್ರೆ, ನಾವು ಉಣ್ಣುವ. ಮೀನು ಸಾಕುದು ಬೇರೆ ಸಂಗತಿ," ಎಂದರು. ಗಂಡಸರೆಲ್ಲ ನಕ್ಕರು, ನಮ್ಮ ಮನೆಯವರೂ ನಕ್ಕರು. ಆ ದಿನ ನಮ್ಮ ಮನೆಯಲ್ಲಿ ಸಾರೇ ಆಗಲಿಲ್ಲ. ಕೊನೆಗೆ ಪಂಚಾಯತು ಕೆರೆಯನ್ನು ಎರಡು ವರ್ಷದ ಮಟ್ಟಿಗೆ ಸಂಘಕ್ಕೆ ಕೊಟ್ಟಿತು. ಎರಡನೇ ವರ್ಷ ಮೀನು ಎತ್ತಿ ತೋರಿಸಿದರೆ ಮುಂದುವರಿಸುವುದು, ಇಲ್ಲವಾದರೆ ಬೇರೆಯವರಿಗೆ. ಉಸ್ತುವಾರಿ ಎಂದು ಸುಹರಾಳ ಹೆಸರು ಬರೆದರು. ಹೀಗೆ ಕೆರೆಯ ಸೋಲು ಗೆಲುವು ಎರಡೂ ಅವಳ ತಲೆಯ ಮೇಲೆ ಬಂತು.

ಅವಳು ಹುಟ್ಟಿದ್ದು ಆಲಂಕಾರಿನ ಕಡೆ, ಹೊಳೆಯ ಬದಿಯಲ್ಲಿ. ಅವಳ ಉಪ್ಪ, ಅಂದರೆ ಅಪ್ಪ, ಕುಮಾರಧಾರೆಯಲ್ಲಿ ಬೀಸುಬಲೆ ಹಾಕುತ್ತಿದ್ದವರು. ಗಂಡು ಮಕ್ಕಳು ಚಿಕ್ಕವರು, ಆದ್ದರಿಂದ ಮೀನಿನ ಬುಟ್ಟಿ ಹಿಡಿದು ಹಿಂದೆ ಹೋಗುವ ಕೆಲಸ ಇವಳದ್ದು. ಉಪ್ಪ ಬಲೆಯನ್ನು ಭುಜಕ್ಕೆ ಹಾಕಿಕೊಂಡು ನೀರು ನೋಡುತ್ತಾ ನಿಂತಾಗ ಇವಳು ಬೆರಳು ತೋರಿಸುತ್ತಿದ್ದಳಂತೆ, ಅಲ್ಲಿ, ಆ ಕಲ್ಲಿನ ಹಿಂದೆ. ಮೊದಲು ಅವರು ಸುಮ್ಮನಿರು ಎಂದು ಗದರಿದರು. ಇವಳಿಗೆ ಹತ್ತು ವರ್ಷ ಆಗುವಾಗ ಇವಳ ಬೆರಳು ಏಳದೆ ಅವರು ಬಲೆಯನ್ನೇ ಬೀಸುತ್ತಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹೊಳೆಯೂ ಇಲ್ಲ, ಬಲೆಯೂ ಇಲ್ಲ. ಗಂಡ ಅದ್ರಾಮಿಚ್ಚ ಸೌದಿಯ ದಮ್ಮಾಮಿನಲ್ಲಿ ಒಂದು ಕಂಪೆನಿಯ ಕ್ಯಾಂಪಿನಲ್ಲಿ ಅಡುಗೆಯವರು, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರು. ಇವಳು ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿ, ಮಗಳು ನುಸೈಬಾಳನ್ನು ಡಿಗ್ರಿವರೆಗೆ ಓದಿಸಿದಳು.

ಹೊಳೆ ಗೊತ್ತಿದ್ದವಳಿಗೆ ಕೆರೆಯೂ ಗೊತ್ತಿರುತ್ತದೆ ಎಂದು ನಾವೆಲ್ಲ ತಿಳಿದದ್ದು ತಪ್ಪು. ಮೊದಲ ಸಲ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಮರಿ ಬಂದಾಗ ಮಧ್ಯಾಹ್ನದ ಹನ್ನೆರಡು ಗಂಟೆ. ನಾವು ಸಡಗರದಲ್ಲಿ ಚೀಲ ಬಿಚ್ಚಿ ಸೀದಾ ಕೆರೆಗೆ ಸುರಿದೆವು. ಚಪ್ಪಾಳೆ ಬೇರೆ ತಟ್ಟಿದೆವು. ಸಂಜೆಯ ಒಳಗೆ ಅರ್ಧಕ್ಕರ್ಧ ಮರಿಗಳು ಬೆಳ್ಳಗೆ ತೇಲಿದವು. ಸುಹರಾ ದಂಡೆಯಲ್ಲಿ ಕತ್ತಲಾಗುವವರೆಗೆ ಕುಳಿತಿದ್ದಳು. ಮುಂದಿನ ವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮೀನು ಸಾಕಣೆಯ ಮೂರು ದಿನದ ತರಬೇತಿಗೆ ಹೋದಳು. ಮೂವತ್ತು ಗಂಡಸರ ನಡುವೆ ಒಬ್ಬಳೇ ಹೆಂಗಸು.

ಬಂದವಳು ಬೇರೆಯೇ ಸುಹರಾ. ಎರಡನೇ ಸಲ ಮರಿ ಬಂದಾಗ ಚೀಲ ಬಿಚ್ಚಲಿಕ್ಕೆ ಬಿಡಲಿಲ್ಲ. ಒಳಗಿನ ನೀರಿನ ಬಿಸಿಯೂ ಹೊರಗಿನ ನೀರಿನ ಬಿಸಿಯೂ ಒಂದೇ ಆಗುವವರೆಗೆ ಚೀಲಗಳನ್ನು ಹಾಗೆಯೇ ಕೆರೆಯಲ್ಲಿ ತೇಲಿಸಿಡಬೇಕಂತೆ. ನಾವು ಹತ್ತು ಮಂದಿ ಸೊಂಟದವರೆಗೆ ನೀರಿನಲ್ಲಿ ಚೀಲ ಹಿಡಿದು ಮುಕ್ಕಾಲು ಗಂಟೆ ನಿಂತೆವು. ಅಂಗನವಾಡಿಗೆ ಹೊತ್ತಾಯಿತು ಎಂದು ನಾನು ಗೊಣಗಿದ್ದಕ್ಕೆ, "ಮಕ್ಕಳನ್ನು ಒಂದನೇ ದಿವಸ ಎಳಕೊಂಡು ಬಂದು ಒಳಗೆ ಹಾಕಿದ್ರೆ ಕೂಗುದಿಲ್ವಾ ಟೀಚರೇ? ನಿಲ್ಲಿ ಅಲ್ಲಿ," ಎಂದಳು. ನಿಂತೆ.

ಆಮೇಲೆ ಅವಳದ್ದೇ ಒಂದು ಕ್ರಮವಾಯಿತು. ಬೆಳಗಿನ ನಮಾಜು ಮುಗಿದ ಕೂಡಲೇ ಕೆರೆ. ಮೊಣಕೈವರೆಗೆ ಕೈ ಅದ್ದಿ ನೀರು ನೋಡುವುದು, ಗುಳ್ಳೆ ಎಲ್ಲಿ ಏಳುತ್ತದೆ ನೋಡುವುದು. ಕಡಲೆ ಹಿಂಡಿ ಮತ್ತು ತೌಡು ಕಲಸಿ ತೂತು ಮಾಡಿದ ಗೋಣಿಯಲ್ಲಿ ತುಂಬಿ ಬಿದಿರಿನ ಗೂಟಕ್ಕೆ ಕಟ್ಟಿ ಮುಳುಗಿಸುವುದು. ಸಂಜೆ ಗೋಣಿ ಎತ್ತಿ ಎಷ್ಟು ತಿಂದವು, ಎಷ್ಟು ಬಿಟ್ಟವು ಎಂದು ನೋಡುವುದು. ಮೋಡ ಕವಿದ ದಿನ ಮಾತ್ರ ಗೋಣಿ ಇಳಿಯುತ್ತಿರಲಿಲ್ಲ. ಬಿಸಿಲಿಲ್ಲದ ದಿನ ನೀರಿನಲ್ಲಿ ಉಸಿರು ಕಡಿಮೆ, ಹೊಟ್ಟೆ ತುಂಬಿದ ಮೀನಿಗೆ ಉಸಿರು ಹೆಚ್ಚು ಬೇಕು, ತಿಂದು ಉಳಿದದ್ದು ಕೊಳೆತರೆ ಇದ್ದ ಉಸಿರನ್ನೂ ಅದೇ ನುಂಗುತ್ತದೆ. ಇದು ಅವಳು ನಮಗೆ ಹೇಳಿಕೊಟ್ಟ ಪಾಠ. "ನನಗೆ ಉಪವಾಸ ವರ್ಷಕ್ಕೆ ಒಂದು ತಿಂಗಳು. ಮೀನಿಗೆ ಮೋಡ ಬಂದ ದಿವಸ ಎಲ್ಲ," ಎಂದು ನಗುತ್ತಿದ್ದಳು.

ಎರಡನೇ ವರ್ಷದ ಮೇ ತಿಂಗಳು ಬಂತು. ಮೀನು ಎತ್ತಲು ಹದಿನೈದು ದಿನ ಉಳಿದಿತ್ತು. ಅದೇ ಹೊತ್ತಿಗೆ ನುಸೈಬಾಳ ಮದುವೆ. ಅದ್ರಾಮಿಚ್ಚ ರಜೆಯಲ್ಲಿ ಬಂದರು. ಹೆಂಡತಿ ಫೋನಿನಲ್ಲಿ ಹೇಳಿದ ಕೆರೆಯನ್ನು ಅವರು ಕಣ್ಣಾರೆ ಕಂಡದ್ದು ಆವಾಗಲೇ. ಕಂಡ ಮೇಲೆ ಮನುಷ್ಯ ನೆಲದ ಮೇಲೆ ನಿಲ್ಲಲಿಲ್ಲ. ಮದುವೆಗೆ ಕರೆಯಲು ಹೋದ ಮನೆಗಳಲ್ಲೆಲ್ಲ ಅಳಿಯನ ವಿಷಯ ಎರಡು ಮಾತು, ಕೆರೆಯ ವಿಷಯ ಇಪ್ಪತ್ತು ಮಾತು. ನೆಂಟರು ಬಂದರೆ ಚಾ ಕೊಡುವ ಮೊದಲೇ ಕೆರೆಗೆ ಕರೆದುಕೊಂಡು ಹೋಗುವುದು, "ನೋಡಿ, ಇದು ನಮ್ಮ ಸುಹರಾಂದು" ಎಂದು ತೋರಿಸುವುದು. ಸುಹರಾ ನಾಚಿ ಒಳಗೆ ಹೋಗುತ್ತಿದ್ದಳು. ಆದರೆ ಬಾಗಿಲ ಸಂದಿನಿಂದ ಕೇಳುತ್ತಿದ್ದಳು ಎನ್ನುವುದೂ ನನಗೆ ಗೊತ್ತು.

ಮಗಳ ಮದುವೆಯ ಅಡುಗೆಗೆ ಬೇರೆಯವರ ಕೈ ಬೇಡ ಎಂದು ಅದ್ರಾಮಿಚ್ಚ ತಾವೇ ಒಲೆಯ ಮುಂದೆ ನಿಂತರು. ಎಂಟುನೂರು ಜನಕ್ಕೆ ತುಪ್ಪದ ಅನ್ನ, ಮೇಲೆ ದ್ರಾಕ್ಷಿ, ಗೇರುಬೀಜ. ಮದುವೆಯ ದಿನ, ಭಾನುವಾರ ಬೆಳಗ್ಗೆ ನೋಡುವಾಗ ಗುಡುಗು, ಗಾಳಿ. ದಾರಿಯಲ್ಲಿ ಮರ ಬಿದ್ದು ಕರೆಂಟಿನ ಕಂಬಗಳು ಮಗುಚಿದವು, ಬಸ್ಸು ನಿಂತಿತು. ನಿಕಾಹ್ ಚೆನ್ನಾಗಿಯೇ ಆಯಿತು, ಊಟಕ್ಕೆ ಮಾತ್ರ ಅರ್ಧದಷ್ಟು ಜನ. ಊರಿಗೆಲ್ಲ ಹಂಚಿದರು, ನಮ್ಮ ಮನೆಗೇ ಒಂದು ಬಕೆಟ್ ಬಂತು. ಹಂಚಿಯೂ ಮೂರು ಕೊಪ್ಪರಿಗೆ ಉಳಿಯಿತು.

ಜೀವನವಿಡೀ ಬೇರೆಯವರಿಗೆ ಅನ್ನ ಬೇಯಿಸಿದ ಮನುಷ್ಯ, ಮಗಳ ಮದುವೆಯ ಅನ್ನವನ್ನು ಮಣ್ಣಿಗೆ ಹಾಕಲು ಅವರ ಕೈ ಬರಲಿಲ್ಲ. ನಮ್ಮ ಕಡೆ ಹೊಳೆಯ ಗುಂಡಿಗಳಲ್ಲಿ ದೇವರ ಮೀನಿಗೆ ಅಕ್ಕಿ, ಅರಳು ಹಾಕುವುದನ್ನು ಅವರು ಚಿಕ್ಕಂದಿನಿಂದ ನೋಡಿದವರು. ಮೀನಿಗೆ ಅನ್ನ ಹಾಕುವುದು ಒಳ್ಳೆಯ ಕೆಲಸ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಜಾತಿ ಧರ್ಮ ನೋಡದೆ ಹೇಳುತ್ತಾರೆ. ಸಂಜೆ ಒಂದು ಆಟೋದಲ್ಲಿ ಮೂರೂ ಕೊಪ್ಪರಿಗೆ ಹೇರಿಸಿಕೊಂಡು ಹೋಗಿ ಕೆರೆಯ ಮೆಟ್ಟಿಲಿನಿಂದ ಸುರಿದರು. "ಉಣ್ಣಿ, ನಿಮ್ಮ ಯಜಮಾನ್ತಿಯ ಮಗಳ ಮದುವೆ" ಎಂದು ಮೀನುಗಳಿಗೆ ಹೇಳಿಯೂ ಬಂದರಂತೆ. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಮಗಳನ್ನು ಕಳಿಸಿಕೊಡುವ ಗಡಿಬಿಡಿಯಲ್ಲಿದ್ದ ಸುಹರಾಳಿಗೆ ಹೇಳಲು ಅವರಿಗೆ ಪುರುಸೊತ್ತು ಸಿಗಲಿಲ್ಲ.

ಸೋಮವಾರ ಇಡೀ ದಿನ ಮೋಡ. ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಸುಹರಾಳ ಮನೆಯವರೆಲ್ಲ ಪುತ್ತೂರಿನ ಹುಡುಗನ ಮನೆಗೆ ಹೋಗಿದ್ದರು. ಆ ದಿನ ಕೆರೆಯನ್ನು ನೋಡಿದವರು ಯಾರೂ ಇಲ್ಲ.

ಮಂಗಳವಾರ ಬೆಳ್ಳಂಬೆಳಗ್ಗೆ ನಮ್ಮ ಬಾಗಿಲು ಬಡಿದ ಸದ್ದು. ಸುಹರಾ. "ಟೀಚರೇ, ಮೀನು ಮೇಲೆ ಬಂದಿದೆ. ಎಲ್ಲರನ್ನೂ ಕರೀರಿ," ಎಂದಷ್ಟೇ ಹೇಳಿ ತಿರುಗಿ ಓಡಿದಳು. ಅವಳು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹೋಗಿ ನೋಡಿದರೆ ಕೆರೆ ತುಂಬ ಬಾಯಿಗಳು. ಕಾಟ್ಲ, ರೋಹು, ದೊಡ್ಡದು, ಸಣ್ಣದು, ಎಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಪಚ ಪಚ ಎಂಬ ಸದ್ದು ದಂಡೆಯವರೆಗೆ ಕೇಳುತ್ತಿತ್ತು. ಅಂಚಿನಲ್ಲಿ ಹತ್ತು ಹದಿನೈದು ಆಗಲೇ ಮಗುಚಿಕೊಂಡಿದ್ದವು. ಎರಡು ವರ್ಷ ಅವಳು ಒಂದೊಂದು ಹಿಡಿ ಅಳೆದು ಹಾಕಿ ಬೆಳೆಸಿದ ಮೀನುಗಳು, ಇನ್ನು ಎರಡು ಗಂಟೆಯಲ್ಲಿ ಮುಗಿಯುತ್ತವೆ. ಅವುಗಳ ಜೊತೆ ಕೆರೆಯೂ ಕೈ ಬಿಡುತ್ತದೆ, ಇವಳು ತಿರುಗಿ ಬೀಡಿಯ ಮೊರಕ್ಕೆ. ಅವಳಿಗೂ ಅದು ಗೊತ್ತಿತ್ತು.

"ನೀರಿಗೆ ಉಸಿರು ಬೇಕು. ಇಳೀರಿ, ತೆಂಗಿನ ಮಡಲು ತಗೊಂಡು ನೀರಿಗೆ ಬಡೀರಿ," ಎಂದಳು. ಸಂಘದವರು ಸೀರೆ ಎತ್ತಿಕಟ್ಟಿ ಇಳಿದರು. ಎಪ್ಪತ್ತರ ಅಕ್ಕು ಕೂಡ ಮಡಲು ಹಿಡಿದು ಇಳಿದಳು. ಆದರೆ ಒಂದು ಎಕ್ರೆ ಕೆರೆಗೆ ಹತ್ತು ಮಡಲು ಯಾವ ಮೂಲೆಗೆ ಸಾಕು? ಪಂಪು ಹಾಕಿ ನೀರನ್ನು ಎತ್ತಿ ಎತ್ತಿ ತಿರುಗಿ ಕೆರೆಗೇ ಸುರಿಯಬೇಕು. ಭಾನುವಾರದಿಂದ ಕರೆಂಟಿಲ್ಲ. ಸುತ್ತ ಇರುವವರ ಪಂಪುಗಳು ಹೆಚ್ಚಿನವು ಕರೆಂಟಿನವು.

ಆಗ ನಮ್ಮ ಮನೆಯವರಿಗೆ, ನನ್ನ ಗಂಡ ದೇವದಾಸರಿಗೆ, ಬುದ್ಧಿ ಓಡಿತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಪೆಟ್ರೋಲ್ ಪಂಪು ಇದೆಯಲ್ಲ. ಓಡಿಹೋಗಿ ಪಂಪು, ಡ್ರಮ್ಮು, ಉದ್ದದ ಪೈಪು ಎಲ್ಲವನ್ನೂ ಗಾಡಿಯಲ್ಲಿ ಹಾಕಿಕೊಂಡು ಬಂದರು. ಅವರನ್ನು ನೋಡಿ ಇನ್ನೂ ಇಬ್ಬರು ತಂದರು. ಜನರಿಗೆ ಜೀವ ಬಂದ ಹಾಗಾಯಿತು. ಪೈಪಿನ ತುದಿಯನ್ನು ಇನ್ನೇನು ನೀರಿಗೆ ಬಿಡಬೇಕು, ಸುಹರಾ ನೀರಿನಿಂದಲೇ ಕೈ ಎತ್ತಿದಳು.

"ದೇವದಾಸಣ್ಣ, ಅದನ್ನು ಇಳಿಸಬೇಡಿ."

"ಎಂತ ಮಾರಾಯ್ತಿ, ಮೀನು ಸಾಯ್ತಾ ಉಂಟು."

"ಅದರಲ್ಲಿ ಮೈಲುತುತ್ತು ಉಂಟು. ಉಸಿರಿಲ್ಲದೆ ಅರ್ಧ ಸಾಯ್ಬಹುದು, ಅದು ಇಳಿದ್ರೆ ಒಂದೂ ಉಳಿಯುದಿಲ್ಲ."

"ತೊಳೆದು ಇಟ್ಟದ್ದು ಇದು," ಎಂದು ನಮ್ಮವರಿಗೆ ಸಿಟ್ಟು ಬಂತು. ಸಹಾಯಕ್ಕೆಂದು ಓಡಿ ಬಂದವರಿಗೆ ಹತ್ತು ಜನರ ಎದುರು ಬೇಡ ಅನ್ನಿಸಿಕೊಂಡರೆ ಸಿಟ್ಟು ಬಾರದೆ ಇರುತ್ತದೆಯೇ? ಸುಹರಾ ಮೇಲೆ ಬಂದು ಡ್ರಮ್ಮಿನ ಒಳಗೆ ಒಮ್ಮೆ ಬೆರಳಾಡಿಸಿ ಅವರ ಮುಖದ ಮುಂದೆ ಹಿಡಿದಳು. ಬೆರಳಿನಲ್ಲಿ ಮೈಲುತುತ್ತಿನ ನೀಲಿ. ನಮ್ಮವರು ಪೈಪನ್ನು ಸುರುಳಿ ಸುತ್ತಿ ಗಾಡಿಗೆ ಹಾಕಿದರು, ಉಳಿದಿಬ್ಬರೂ ಹಾಕಿದರು. ತೋಟಕ್ಕೆ ಮದ್ದು ಬಿಟ್ಟು ಬಿಟ್ಟು ಆ ನೀಲಿ ನಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಗಿದೆ. ಅವಳ ಕಣ್ಣಿಗೆ ಬಿತ್ತು.

ಉಳಿದದ್ದು ಒಂದೇ ಪಂಪು. ತೀರ್ಥರಾಮಣ್ಣನ ದೊಡ್ಡ ಡೀಸೆಲ್ ಪಂಪು. ಅದರ ಪೈಪುಲೈನು ಕೆರೆಯ ಅಂಚಿನಲ್ಲೇ ಹೋಗುತ್ತದೆ. ನೀರು ಎಗರಿಸುವ ಜೆಟ್ಟುಗಳನ್ನು ತೋಟದ ಕಡೆಯಿಂದ ಕೆರೆಯ ಕಡೆಗೆ ತಿರುಗಿಸಿದರೆ ಸಾಕಿತ್ತು. ಅಷ್ಟರಲ್ಲಿ ಸುಹರಾಳ ತಮ್ಮ ಅಬ್ಬಾಸ್ ದಂಡೆಯ ಮೇಲೆ ನಿಂತು ಜೋರಾಗಿ ಹೇಳಿದ, "ಇದು ಉಸಿರು ಗಿಸಿರು ಎಂತದೂ ಅಲ್ಲ. ವಿಷ. ಯಾರು ಹಾಕಿದ್ದು ಅಂತ ಕೇಳ್ಬೇಕಾ? ಈ ಕೆರೆ ಯಾರಿಗೆ ಬೇಕಿತ್ತು?"

ಅವನು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರ ಕಣ್ಣು ಬೇಲಿಯ ಕಡೆ ಹೋಯಿತು. ಬೇಲಿಯ ಆಚೆ ತೀರ್ಥರಾಮಣ್ಣ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಎರಡು ದಿನದ ಹಿಂದೆ ಇದೇ ಮನುಷ್ಯ ಮಳೆಯಲ್ಲಿ ನೆನೆದುಕೊಂಡು ಮದುವೆಗೆ ಬಂದು ಉಂಡು ಹೋಗಿದ್ದರು. ಅವರ ಮುಖ ಕಪ್ಪಿಟ್ಟಿತು. ಜನ ಎರಡು ಬದಿಯಾಗಿ ಸರಿದು ನಿಂತರು, ಒಂದು ಬದಿ ಅಬ್ಬಾಸನ ಕಡೆಯವರು, ಒಂದು ಬದಿ ಇವರ ಕಡೆಯವರು. ಈಗಿನ ದಿನಗಳಲ್ಲಿ ಇಂಥ ಮಾತು ಕೆರೆಯ ದಂಡೆಯಲ್ಲಿ ನಿಲ್ಲುವುದಿಲ್ಲ, ಪೇಟೆಯವರೆಗೆ ಹೋಗುತ್ತದೆ. ನನಗೆ ಮೀನಿಗಿಂತ ಹೆಚ್ಚು ಅದರ ಹೆದರಿಕೆಯಾಯಿತು.

ಸುಹರಾ ಯಾರ ಮುಖವನ್ನೂ ನೋಡಲಿಲ್ಲ. ಅವಳು ಮೆಟ್ಟಿಲಿನ ಬಳಿ ಬಗ್ಗಿ ನೀರಿನ ಅಡಿಗೆ ಕೈ ಹಾಕಿದ್ದಳು. ಕೈ ಮೇಲೆ ಬಂದಾಗ ಮುಷ್ಟಿಯಲ್ಲಿ ಹುಳಿ ನಾರುವ ಅನ್ನದ ಮುದ್ದೆ. ಅದರಲ್ಲಿ ಉಬ್ಬಿದ ಎರಡು ದ್ರಾಕ್ಷಿ, ಒಂದು ಗೇರುಬೀಜ. ಅವಳು ಅದನ್ನು ನೋಡಿದಳು. ಆಮೇಲೆ ತಲೆ ಎತ್ತಿ ಗಂಡನನ್ನು ನೋಡಿದಳು. ಅದ್ರಾಮಿಚ್ಚ ದಂಡೆಯಲ್ಲಿ ನಿಂತಲ್ಲೇ ನಿಂತಿದ್ದರು, ಅವರಿಗೂ ಅರ್ಥವಾಗತೊಡಗಿತ್ತು.

ನಾನು ಅವಳ ಪಕ್ಕದಲ್ಲೇ ಇದ್ದೆ, ನನಗೂ ಅರ್ಥವಾಯಿತು. ನಿಜ ಹೇಳುತ್ತೇನೆ, ಆ ಮುಷ್ಟಿಯನ್ನು ನೀರಿನೊಳಗೇ ಬಿಚ್ಚಿಬಿಡು ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ತೀರ್ಥರಾಮಣ್ಣನೊಡನೆ ನನಗೆ ಹಳೆಯ ಸಿಟ್ಟಿತ್ತು. ಹೆಂಗಸರಿಗೆ ಮೀನು ಸಾಕಲು ಬರುವುದಿಲ್ಲ ಎಂದವರ ಎದುರು, ತನ್ನ ಮನೆಯ ಅನ್ನದಿಂದಲೇ ಮೀನು ಸತ್ತಿತು ಎಂದು ಅವಳು ಒಪ್ಪಿಕೊಂಡರೆ ಮತ್ತೆ ಕೆರೆ ಸಿಗುತ್ತದೆಯೇ? ನನ್ನ ಬುದ್ಧಿ ಅಷ್ಟೇ. ನಾನು ಮಕ್ಕಳಿಗೆ ನಿಜ ಹೇಳಬೇಕು ಎಂದು ದಿನಾ ಕಲಿಸುವವಳು.

ಸುಹರಾ ಮೆಟ್ಟಿಲು ಹತ್ತಿ ಬಂದು ಎಲ್ಲರಿಗೂ ಕಾಣುವಂತೆ ಕೈ ಚಾಚಿದಳು.

"ಅಬ್ಬಾಸ್, ನೀನು ಬಾಯಿ ಮುಚ್ಚು. ಇದು ವಿಷ ಅಲ್ಲ. ನನ್ನ ಮನೆಯ ಅನ್ನ, ನನ್ನ ಮಗಳ ಮದುವೆದು. ಕೊಳೆತು ನೀರಿನ ಉಸಿರೆಲ್ಲ ತೆಗೆದಿದೆ. ಕೆರೆ ನೋಡಿಕೊಳ್ಳುವವಳು ನಾನು, ಎರಡು ದಿವಸ ಬಾರದೆ ಇದ್ದದ್ದು ನಾನು. ತಪ್ಪು ನನ್ನದು."

ಗಂಡನ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ಅದ್ರಾಮಿಚ್ಚ ತಾವೇ ಮುಂದೆ ಬಂದರು. "ಹಾಕಿದ್ದು ನಾನು. ಅವಳಿಗೆ ಗೊತ್ತೇ ಇಲ್ಲ. ಮೀನಿಗೆ ಸಂತೋಷ ಆಗ್ತದೆ ಅಂತ ಹಾಕಿದೆ," ಎಂದರು.

ಸುಹರಾ ಬೇಲಿಯ ಕಡೆ ತಿರುಗಿದಳು. "ತೀರ್ಥರಾಮಣ್ಣ, ನನ್ನ ತಮ್ಮ ಹೇಳಿದ್ದು ತಪ್ಪು. ನಿಮ್ಮ ಪಂಪು ಬೇಕು ನನಗೆ."

ತೀರ್ಥರಾಮಣ್ಣ ಟವೆಲನ್ನು ಸೊಂಟಕ್ಕೆ ಬಿಗಿದರು. "ಹ್ಯಾಂಡ್ಲು ತಿರುಗಿಸ್ಲಿಕ್ಕೆ ಇಬ್ಬರು ಬೇಕು. ಅಬ್ಬಾಸ, ನೀನೇ ಬಾ. ಸ್ವರದಲ್ಲಿ ಇರುವ ಬಲ ಕೈಯಲ್ಲಿ ಉಂಟಾ ನೋಡುವ."

ಪಂಪು ಸ್ಟಾರ್ಟ್ ಆದದ್ದು ಐದನೇ ಸಲಕ್ಕೆ. ಅಷ್ಟರಲ್ಲಿ ನಮ್ಮ ಮನೆಯವರೂ ಉಳಿದ ಗಂಡಸರೂ ಆರು ಜೆಟ್ಟುಗಳನ್ನು ಬಿಚ್ಚಿ ಕೆರೆಯ ಕಡೆ ಮುಖ ಮಾಡಿ ಕಟ್ಟಿದ್ದರು. ನೀರು ಎದ್ದು ಮಳೆಯ ಹಾಗೆ ಕೆರೆಯ ಮೇಲೆ ಬಿತ್ತು. ಸುಹರಾ ಯಾವ ಜೆಟ್ಟು ಎಷ್ಟು ಎತ್ತರ, ಯಾವ ಮೂಲೆಗೆ ಎಂದು ಬೆರಳು ತೋರಿಸುತ್ತಾ ಹೋದಳು. ಊರಿನ ಗಂಡಸರು ಆ ಬೆರಳು ನೋಡಿಕೊಂಡು ಓಡಾಡಿದರು. ಅದ್ರಾಮಿಚ್ಚ ಎದೆಯವರೆಗೆ ನೀರಿಗಿಳಿದು, ಅಡುಗೆಯ ದೊಡ್ಡ ಜಾಲರಿ ಸೌಟಿನಿಂದ ಅಡಿಯ ಅನ್ನವನ್ನು ಬಾಚಿ ಬಾಚಿ ಬುಟ್ಟಿಗೆ ಹಾಕಿದರು. ಒಮ್ಮೆಯೂ ನಿಲ್ಲಲಿಲ್ಲ, ಯಾರು ಕರೆದರೂ ಮೇಲೆ ಬರಲಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಜೆಟ್ಟಿನ ನೀರು ಬೀಳುವ ಕಡೆ ಮೀನುಗಳು ಗುಂಪುಗೂಡಿದವು. ಹತ್ತರ ಹೊತ್ತಿಗೆ ಬಾಯಿಗಳು ಕಡಿಮೆಯಾದವು. ಹನ್ನೊಂದಕ್ಕೆ ಮೋಡ ಹರಿದು ಬಿಸಿಲು ಬಂತು, ಕೆರೆಯ ಮೇಲೆ ಒಂದೂ ಬಾಯಿ ಕಾಣಲಿಲ್ಲ. ಸತ್ತ ಮೀನುಗಳನ್ನು ಹೆಕ್ಕಿದಾಗ ನಲವತ್ತೊಂದು. ಉಳಿದವು ಸಾವಿರದ ಮೇಲೆ. ತೀರ್ಥರಾಮಣ್ಣ ಸಂಜೆಯವರೆಗೆ ಪಂಪು ನಿಲ್ಲಿಸಲಿಲ್ಲ, ಡೀಸೆಲ್ಲಿನ ಮಾತು ಎತ್ತಲಿಕ್ಕೂ ಬಿಡಲಿಲ್ಲ. ಸುಹರಾ ಅಂದು ರಾತ್ರಿ ಗಂಡನಿಗೆ ಎಷ್ಟು ಬೈದಳೋ ನನಗೆ ತಿಳಿಯದು. ಮರುದಿನ ಬೆಳಗ್ಗೆ ಇಬ್ಬರೂ ಒಟ್ಟಿಗೆ ಕೆರೆಗೆ ಬಂದರು, ಅದ್ರಾಮಿಚ್ಚ ಅವಳ ಹಿಂದೆ ಗೋಣಿ ಹಿಡಿದುಕೊಂಡಿದ್ದರು. ರಜೆ ಇನ್ನೊಂದು ತಿಂಗಳು ಮುಂದೆ ಹಾಕಿಸಿದ್ದೇನೆ ಎಂದರು.

ಹದಿನೈದು ದಿನ ಬಿಟ್ಟು ಮೀನು ಎತ್ತಿದೆವು. ನಾಲ್ಕು ಕಿಲೋದ ಕಾಟ್ಲ ಸಿಕ್ಕಿದ್ದು ಆವತ್ತೇ. ಐವರ್ನಾಡಿನವರು ಮಾತ್ರವಲ್ಲ, ಸುಳ್ಯದಿಂದಲೂ ಜನ ಬಂದು ಜೀವಂತ ಮೀನು ಕೊಂಡುಹೋದರು. ಆದರೆ ಸುಹರಾಳ ಮುಖದಲ್ಲಿ ನಗು ಪೂರ್ತಿ ಬರಲಿಲ್ಲ. ಜೂನಿನಲ್ಲಿ ಗ್ರಾಮಸಭೆ. ಎರಡು ವರ್ಷ ಮುಗಿದಿತ್ತು, ಕೆರೆ ಯಾರಿಗೆ ಎಂದು ತೀರ್ಮಾನವಾಗಬೇಕಿತ್ತು.

ಸಭೆಗೆ ಎಂದೂ ಬಾರದವರೂ ಬಂದಿದ್ದರು. ಕೆರೆಯ ವಿಷಯ ಬಂದಾಗ ನಾನು ಎದ್ದು, ಎಷ್ಟು ಮೀನು ಎತ್ತಿದೆವು ಎಂದು ದೊಡ್ಡ ಸ್ವರದಲ್ಲಿ ಓದಿದೆ. ಮೇ ತಿಂಗಳಿನ ಆ ಬೆಳಗನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನಾನು ಕುಳಿತ ಕೂಡಲೇ ಸುಹರಾ ಎದ್ದಳು.

"ಟೀಚರು ಒಂದು ವಿಷಯ ಹೇಳ್ಲಿಲ್ಲ. ನಮ್ಮ ಮನೆಯ ತಪ್ಪಿನಿಂದ ಕೆರೆಯ ಮೀನು ಪೂರ್ತಿ ಹೋಗ್ಬೇಕಿತ್ತು. ಊರಿನವರು ಉಳಿಸಿದ್ದು. ಇನ್ನು ಉಸ್ತುವಾರಿ ಬೇರೆಯವರಿಗೆ ಕೊಡುದಾದ್ರೆ ನನಗೆ ಬೇಜಾರಿಲ್ಲ. ಮೀನು ಸಾಕುವ ಕ್ರಮ ನಾನು ಹೇಳಿಕೊಡ್ತೇನೆ."

ಬೇಜಾರಿಲ್ಲ ಎನ್ನುವಾಗ ಅವಳ ಕೈ ಕುರ್ಚಿಯ ಬೆನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಎನ್ನುವುದನ್ನು ನಾನು ನೋಡಿದೆ. ತೀರ್ಥರಾಮಣ್ಣ ಎದ್ದು ನಿಂತರು.

"ಬೇರೆಯವರಿಗೆ ಕೊಡುದಾದ್ರೆ ನನಗೆ ಕೊಡಿ," ಎಂದರು. "ಅರ್ಜಿ ನಂದು ಮೊದಲಿನಿಂದಲೂ ಉಂಟು."

ನನ್ನ ಪಿತ್ತ ನೆತ್ತಿಗೇರಿತು. ಏಳಲು ಹೊರಟೆ. ಅವರು ನನ್ನ ಕಡೆ ಕೈ ತೋರಿಸಿ, "ಕೂತ್ಕೊಳ್ಳಿ ಟೀಚರೇ, ಮುಗೀಲಿಲ್ಲ ನಂದು," ಎಂದರು. "ಕೆರೆ ನನಗೆ ಸಿಕ್ಕಿದ ಮೇಲೆ ನಾನು ಒಂದು ಜನ ಹುಡುಕ್ಬೇಕು. ಮೀನಿನ ಕೆಲಸ ಗೊತ್ತಿರುವ ಜನ. ಅದರಿಂದ ಹೆಚ್ಚು, ತನ್ನ ಮನೆಯ ತಪ್ಪನ್ನು ಊರಿನ ಎದುರು ಕೈಯಲ್ಲಿ ಹಿಡಿದು ತೋರಿಸುವ ಜನ. ಅಂಥವರು ನನಗೆ ಗೊತ್ತಿರುದು ಒಬ್ಬಳೇ. ಅವಳ ಮನೆಗೆ ಹೋಗಿ ನಾನು ಕೈ ಮುಗೀಬೇಕಾಗ್ತದೆ. ಅದರ ಬದಲು ಕೆರೆ ಅವಳಲ್ಲೇ ಇರ್ಲಿ. ನನಗೆ ಅಷ್ಟು ನಡೀಲಿಕ್ಕೆ ಉಳೀತದೆ."

ಮೊದಲು ಚಪ್ಪಾಳೆ ತಟ್ಟಿದ್ದು ಅಬ್ಬಾಸ್. ಆಮೇಲೆ ಎಲ್ಲರೂ. ಹಿಂದಿನ ಸಾಲಿನಲ್ಲಿ ಅದ್ರಾಮಿಚ್ಚ ಶಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನಗೆ ಅಷ್ಟು ಹೆಮ್ಮೆ ನನ್ನ ಸ್ವಂತ ಮಗ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ.

ತೀರ್ಮಾನ ಬರೆಯುವ ಪುಸ್ತಕ ನನ್ನ ಮುಂದೆ ಬಂತು, ಅಕ್ಷರ ಚೆಂದ ಎಂದು ಯಾವಾಗಲೂ ನನ್ನಿಂದಲೇ ಬರೆಸುವುದು. ಉಸ್ತುವಾರಿ, ಸುಹರಾ ಎಂದು ಬರೆದೆ. ಅವಧಿ ಎಷ್ಟು ಎಂದು ಬರೆಯಲಿ ಎಂದು ಕೇಳಿದೆ.

"ಅವಳು ಸಾಕು ಹೇಳುವವರೆಗೆ," ಎಂದರು ತೀರ್ಥರಾಮಣ್ಣ.

ಹಾಗೆಲ್ಲ ಬರೆಯಲು ಕಾನೂನಿನಲ್ಲಿ ಇಲ್ಲ, ಹೆಚ್ಚೆಂದರೆ ಐದು ವರ್ಷ ಎಂದರು ಪಿಡಿಒ. ಐದು ವರ್ಷ ಎಂದು ಬರೆದು ಸಹಿಗಾಗಿ ಪುಸ್ತಕವನ್ನು ಸುಹರಾಳ ಕಡೆ ತಿರುಗಿಸಿದೆ. ಅವಳು ಪೆನ್ನು ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ಓದಿದಳು. ಆಮೇಲೆ ಇಡೀ ಸಭೆಗೆ ಕೇಳುವಂತೆ ಹೇಳಿದಳು.

"ಐದು ವರ್ಷ ನನಗೆ ಸಾಕಾಗುದಿಲ್ಲ ಟೀಚರೇ. ಈಗ ಇದಕ್ಕೆ ಸಹಿ ಹಾಕ್ತೇನೆ, ಮುಂದಿನದ್ದಕ್ಕೆ ಅರ್ಜಿ ಇವತ್ತೇ ಬರೀರಿ."